ಬಸಿದ ನೀರು

ಕಷಾಯದ ಪಾತ್ರೆಯನ್ನು ಅತ್ತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದರು. ಸುರಿದದ್ದು ಸಾಲದೆಂಬಂತೆ ಮೇಲೆ ಎರಡು ಚೊಂಬು ನೀರನ್ನೂ ಹುಯ್ದರು.

"ಇವತ್ತಿಗೆ ಮುಗೀತು ನಿಮ್ಮಪ್ಪನ ವೈದ್ಯ. ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ಈ ವಿಷ ಕುಡಿದೋನು ಬದುಕಿ ಬಂದಿದ್ದೇ ನನ್ನ ಪುಣ್ಯ. ಆ ಕಷಾಯದಪ್ಪ ಇನ್ನೊಂದು ಸಲ ಈ ಹೊಸಿಲು ತುಳಿದ್ರೆ ನಾನು ಈ ಮನೇಲಿ ಇರಲ್ಲ, ನೋಡ್ತಿರು."

ಸೊಸೆ ಮಾತ್ರೆಗಳ ಚೀಟಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಐದು ದಿನ ಆಸ್ಪತ್ರೆಯಲ್ಲಿದ್ದು ಆಗಷ್ಟೇ ಮನೆಗೆ ಬಂದಿದ್ದ ಗಂಡ ನಡುಮನೆಯ ಮಂಚದ ಮೇಲೆ ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆಗೆ ಹೊರಳಿದ. ಆ ಮನುಷ್ಯನಿಗೆ ಗೋಡೆಯ ಕಡೆಗೆ ಹೊರಳುವ ವಿದ್ಯೆ ಮದುವೆಯಾದಂದಿನಿಂದಲೂ ಚೆನ್ನಾಗಿ ಸಿದ್ಧಿಸಿತ್ತು. ಅಮ್ಮನಿಗೂ ಹೆಂಡತಿಗೂ ಮಾತು ಹತ್ತಿದಾಗಲೆಲ್ಲ ಅವನಿಗೆ ಗೋಡೆಯಲ್ಲಿ ಏನೋ ಕೆಲಸವಿರುತ್ತಿತ್ತು.

ಅವನು ಟೈಲರ್. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ವರ್ಷದ ಹಿಂದೆ ಪಾದಗಳು ಉರಿಯತೊಡಗಿ ಹೊಲಿಗೆ ಯಂತ್ರ ತುಳಿಯಲಾಗದಾಯಿತು. ಪರೀಕ್ಷೆ ಮಾಡಿಸಿದರೆ ಕಿಡ್ನಿಗಳು ಅರ್ಧಕ್ಕಿಂತ ಹೆಚ್ಚು ಕೈಕೊಟ್ಟಿದ್ದವು. ಅಂದಿನಿಂದ ಯಂತ್ರದ ಮುಂದೆ ಕೂತವಳು ಸೊಸೆ. ಅವನು ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿ ಹೊಲಿಯುತ್ತ, ಅವಳ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದ.

ಸೊಸೆಯ ಅಪ್ಪ ಆಯುರ್ವೇದದ ವೈದ್ಯರು. ಅಳಿಯನಿಗೆ ನೇರವಾಗಿ ಔಷಧ ಕೊಡಲಿಲ್ಲ. ಮೊದಲು ಕಿಡ್ನಿ ಡಾಕ್ಟರಮ್ಮನ ಕೋಣೆಯ ಹೊರಗೆ ಮೂರು ದಿನ ಕಾದು ಒಳಗೆ ಹೋದರು. "ನಿಮ್ಮ ಮಾತ್ರೆ, ನಿಮ್ಮ ಇನ್ಸುಲಿನ್ ಯಾವುದನ್ನೂ ನಾನು ಮುಟ್ಟಲ್ಲ. ಕಾಲುರಿಗೆ ಎಣ್ಣೆ, ಹೊಟ್ಟೆ ಕಟ್ಟದ ಹಾಗೆ ಒಂದು ಕಷಾಯ, ಅಷ್ಟೇ. ಅದರಲ್ಲಿ ಏನೇನಿದೆ ಅಂತ ಬರೆದು ಕೊಡ್ತೀನಿ, ಬೇಡ ಅಂದಿದ್ದನ್ನ ತೆಗೀತೀನಿ. ಎತ್ತು ಏರಿಗೆಳೆದು ಕೋಣ ನೀರಿಗೆಳೆದ್ರೆ ನಡುವೆ ರೋಗಿ ಗತಿ ಏನಮ್ಮಾ?" ಎಂದಿದ್ದರು. ಡಾಕ್ಟರಮ್ಮ ನಕ್ಕುಬಿಟ್ಟಿದ್ದರು. ಇಬ್ಬರಿಗೂ ಸೇರಿ ಒಂದೇ ನೋಟ್ ಪುಸ್ತಕವಾಯಿತು. ಅವರು ಬರೆದದ್ದನ್ನು ಇವರು ಓದುವರು, ಇವರು ಬರೆದದ್ದಕ್ಕೆ ಅವರು ಸಹಿ ಹಾಕುವರು. ಮೂರು ವರ್ಷ ಹಾಗೇ ನಡೆಯಿತು. ಡಾಕ್ಟರಮ್ಮ ಬೇರೆ ರೋಗಿಗಳನ್ನೂ ಕಳಿಸತೊಡಗಿದರು. ನಲವತ್ತು ವರ್ಷ "ಬೇರು ನಾರಿನ ಮುದುಕ" ಎನಿಸಿಕೊಂಡಿದ್ದ ಅಪ್ಪ ಆಸ್ಪತ್ರೆಗೆ ಹೋಗುವ ದಿನ ಇಸ್ತ್ರಿ ಅಂಗಿ ತೊಡುತ್ತಿದ್ದರು. ಮಗಳಿಗೆ ಅದನ್ನು ನೋಡಿದರೆ ಹೊಟ್ಟೆ ತುಂಬುತ್ತಿತ್ತು.

ಎಲ್ಲ ಕೆಟ್ಟದ್ದು ಹೋದ ವಾರ. ಗುಂಡಿ ಹೊಲಿಯುತ್ತಿದ್ದ ಗಂಡ ಕುರ್ಚಿಯಿಂದ ಹಾಗೇ ಜಾರಿ ಬಿದ್ದ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವುದರಲ್ಲಿತ್ತು. ಅವಸರದಲ್ಲಿ ಡಯಾಲಿಸಿಸ್ ಮಾಡಿ ಉಳಿಸಿದರು. ಡಾಕ್ಟರಮ್ಮ ನೋಟ್ ಪುಸ್ತಕದಲ್ಲಿ ಕೆಂಪು ಶಾಯಿಯಿಂದ "ಕಷಾಯ ನಿಲ್ಲಿಸಿ. ಇದರಿಂದಲೇ ಇರಬಹುದು" ಎಂದು ಬರೆದರು. ಕಳಿಸಿದ್ದ ರೋಗಿಗಳನ್ನೆಲ್ಲ ವಾಪಸು ಕರೆಸಿಕೊಂಡರು. ಅಪ್ಪ ಆ ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದರು.

ಅತ್ತೆ ಪೇಟೆಗೆ ಹೋದ ಒಂದು ಮಧ್ಯಾಹ್ನ ಅಪ್ಪ ಅಂಗಡಿಯ ಬಾಗಿಲಿಗೆ ಬಂದರು. ಒಳಗೆ ಕಾಲಿಡದೆ ಹೊಸಿಲಾಚೆ ನಿಂತೇ ಕೇಳಿದರು.

"ಪುಸ್ತಕ ಪೂರ್ತಿ ನೋಡಿದೆ ಮಗಳೇ. ಮೂರು ವರ್ಷ ಇದೇ ಕಷಾಯ, ಏನೂ ಆಗಿಲ್ಲ. ಪೊಟ್ಯಾಸಿಯಂ ಏರೋಕೆ ಶುರುವಾಗಿದ್ದು ನಾಲ್ಕು ತಿಂಗಳಿಂದ. ಆಗ ಡಾಕ್ಟರಮ್ಮ ಏನು ಬದಲಾಯಿಸಿದ್ರು?"

"ತರಕಾರಿ ಬೇಯಿಸಿ, ನೀರು ಬಸಿದು ಚೆಲ್ಲಿ, ಆಮೇಲೆ ಅಡುಗೆ ಮಾಡಿ ಅಂದ್ರು. ಪೊಟ್ಯಾಸಿಯಂ ಆ ನೀರಿಗೆ ಇಳಿದುಬಿಡುತ್ತಂತೆ."

"ಹಾಗಾದ್ರೆ ಕಡಿಮೆ ಆಗಬೇಕಿತ್ತಲ್ಲ. ನೀರನ್ನ ನೀನೇ ಚೆಲ್ತೀಯಾ?"

"ಮನೆಮಂದಿಗೆಲ್ಲ ಬೇಯಿಸಿದ್ದನ್ನ ಬಸಿದು, ನೀರು ಪಾತ್ರೆಯಲ್ಲಿ ಇಟ್ಟು ಅಂಗಡಿಗೆ ಬರ್ತೀನಪ್ಪ. ಆಮೇಲೆ ಅತ್ತೆ ಚೆಲ್ಲಿ, ಪಾತ್ರೆ ತೊಳೆದು..."

ಅಲ್ಲಿಗೆ ಅವಳ ಮಾತು ನಿಂತಿತು. ಈ ಮನೆಗೆ ಬಂದು ಹನ್ನೊಂದು ವರ್ಷದಲ್ಲಿ ಅತ್ತೆ ತಾವು ಉಂಡ ತಟ್ಟೆಯನ್ನೂ ತೊಳೆದವರಲ್ಲ. ಆ ಒಂದು ಪಾತ್ರೆ ಮಾತ್ರ ನಾಲ್ಕು ತಿಂಗಳಿಂದ ಪ್ರತಿದಿನ ಫಳಫಳ ಹೊಳೆಯುತ್ತ ಕವುಚಿ ಬಿದ್ದಿರುತ್ತಿತ್ತು.

ಮರುದಿನ ಬೆಳಗ್ಗೆ ಅವಳು ನೀರು ಬಸಿದಿಟ್ಟು ಅಂಗಡಿಗೆ ಹೋದಳು, ಯಂತ್ರವನ್ನು ಎರಡು ಸಲ ಸದ್ದಾಗುವಂತೆ ತುಳಿದು ಬರಿಗಾಲಲ್ಲಿ ಹಿಂತಿರುಗಿದಳು. ಅತ್ತೆ ದೊಡ್ಡ ಲೋಟವನ್ನು ಮಗನ ಬಾಯಿಗೆ ಹಿಡಿದಿದ್ದರು.

"ಕುಡಿ ಕಂದ, ಬೇಗ ಕುಡಿ. ಸತ್ವ ಎಲ್ಲಾ ಇದರಲ್ಲೇ ಇರೋದು. ಚಿಕ್ಕೋನಿದ್ದಾಗ ಮೂರು ತಿಂಗಳು ಜ್ವರದಲ್ಲಿ ಮಲಗಿದ್ಯಲ್ಲ, ಈ ನೀರಲ್ಲೇ ನಿನ್ನ ಎಬ್ಬಿಸಿದೆ. ಇವಳಿಗೆ ಸತ್ವ ಚೆಲ್ಲಿ ಸಿಪ್ಪೆ ತಿನ್ನಿಸೋದೊಂದು ಗೊತ್ತು."

ಗಂಡ ಗಟಗಟ ಕುಡಿದು ಬಾಯಿ ಒರೆಸಿಕೊಂಡ. ಇದು ಹಗೆಯಾಗಿದ್ದರೆ ಸೊಸೆ ಕೂಗಿ ಬೀದಿಯನ್ನೇ ಸೇರಿಸುತ್ತಿದ್ದಳು. ಹೆತ್ತ ತಾಯಿಯ ಅಕ್ಕರೆಗೆ ಏನೆಂದು ಕೂಗುವುದು...

ಅತ್ತೆ ಸ್ನಾನಕ್ಕೆ ಹೋದ ಮೇಲೆ ಅವಳು ಗಂಡನ ಮುಂದೆ ನಿಂತಳು. "ರೀ, ಆ ನೀರಿನ ವಿಷಯ ಡಾಕ್ಟರಮ್ಮ ಹೇಳುವಾಗ ನೀವೂ ಅಲ್ಲೇ ಇದ್ರಿ. ಗೊತ್ತಿದ್ದೂ ಕುಡಿದ್ರಾ?"

"ಎರಡು ಲೋಟ ತರಕಾರಿ ನೀರು. ಅದರಿಂದ ಏನಾಗುತ್ತೆ ಅಂದ್ಕೊಂಡೆ. ಅಮ್ಮನಿಗೆ ಸಮಾಧಾನ ಆಗ್ಲಿ ಅಂತ."

"ನಮ್ಮಪ್ಪನ ಹೆಸರು ಮಣ್ಣಾಯ್ತಲ್ಲ. ಆಸ್ಪತ್ರೆ ಮಂಚದ ಮೇಲೆ ಮಲಗಿ ಎಲ್ಲಾ ಕೇಳಿಸ್ಕೊಂಡ್ರಲ್ಲ. ಆವಾಗಲಾದ್ರೂ..."

"ಅಮ್ಮನಿಗೆ ಗೊತ್ತಾದ್ರೆ ಎದೆ ಒಡೆದು ಸಾಯ್ತಾಳೆ ಕಣೇ. ಇನ್ನು ಮುಂದೆ ಕುಡಿಯಲ್ಲ, ಅಷ್ಟು ಸಾಕು. ನಿಮ್ಮಪ್ಪ ದೊಡ್ಡ ಮನುಷ್ಯರು. ತಡ್ಕೋತಾರೆ."

ದೊಡ್ಡ ಮನುಷ್ಯರೆಂದು ಹೊಗಳಿ ತಲೆಯ ಮೇಲೆ ಕಲ್ಲು ಹೊರಿಸುವುದು ಎಷ್ಟು ಸುಲಭ! ಅವಳು ಹೋಗಿ ಯಂತ್ರದ ಮುಂದೆ ಕೂತಳು. ಅಂದು ಹೊಲಿದ ತೋಳುಗಳೆಲ್ಲ ಸೊಟ್ಟಗಾದವು.

ಮಾರನೆಯ ದಿನ ಆಸ್ಪತ್ರೆ. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದು ಬಂದರು. ಡಾಕ್ಟರಮ್ಮ ರಕ್ತದ ವರದಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪೊಟ್ಯಾಸಿಯಂ ಮತ್ತೆ ಏರಿದೆ. ಕಷಾಯ ನಿಲ್ಲಿಸಿ ಅಂದಿದ್ದೆ. ಕದ್ದು ಕೊಡ್ತಿದ್ದೀಯೇನಮ್ಮಾ? ಅಪ್ಪನ ಮೇಲಿನ ಅಭಿಮಾನಕ್ಕೆ ಗಂಡನ ಪ್ರಾಣ ತೆಗೀತೀಯಾ?"

ಸೊಸೆ ಗಂಡನ ಮುಖ ನೋಡಿದಳು. ಇದೊಂದು ಸಲ ಬಾಯಿಬಿಡಿ ಎಂದು ಕಣ್ಣಲ್ಲೇ ಬೇಡಿದಳು. ಅವನು ಗೋಡೆಯಲ್ಲಿದ್ದ ಕಿಡ್ನಿಯ ಚಿತ್ರ ನೋಡುತ್ತ ಕೂತಿದ್ದ.

"ಕಷಾಯ ಅವತ್ತೇ ನಿಂತಿದೆ ಡಾಕ್ಟ್ರೇ. ಇವರು ತರಕಾರಿ ಬಸಿದ ನೀರು ಕುಡೀತಿದ್ರು. ನಾಲ್ಕು ತಿಂಗಳಿಂದ."

"ಹೌದೇನ್ರೀ?"

"ಇಲ್ಲ ಡಾಕ್ಟ್ರೇ," ಎಂದ ಗಂಡ. "ಅವಳು ಅವರಪ್ಪನ ಪರ ಹೇಳ್ತಾಳೆ, ಪಾಪ."

ಆ "ಪಾಪ" ಎಂಬ ಮಾತು ಅವಳ ಎದೆಗೆ ಸೂಜಿಯಂತೆ ಇಳಿಯಿತು. ಹನ್ನೊಂದು ವರ್ಷದ ಸಂಸಾರ ಅಲ್ಲಿಗೆ ತೀರಿತೆನಿಸಿತು. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಎದ್ದಿತು.

"ಯಾಕೋ ಸುಳ್ಳು ಹೇಳ್ತೀಯ? ನಾನು ಕೊಟ್ಟಿದ್ದನ್ನ ಹೇಳೋಕೆ ನಾಚಿಕೆಯಾ? ಡಾಕ್ಟರಮ್ಮಾ, ದಿನಾ ಎರಡು ದೊಡ್ಡ ಲೋಟ ನಾನೇ ಕುಡಿಸ್ತೀನಿ. ಅವಳಪ್ಪನ ವಿಷ ಇಳಿಯೋಕೆ ಅಂತ ಆಸ್ಪತ್ರೆಯಿಂದ ಬಂದ ಮೇಲೆ ಮೂರು ಲೋಟ ಮಾಡಿದೆ. ಅದಕ್ಕೇ ಇವನು ಉಳಿದಿರೋದು."

ಅತ್ತೆ ಮೆಚ್ಚುಗೆಗಾಗಿ ಕಾದು ನಿಂತಿದ್ದರು. ಡಾಕ್ಟರಮ್ಮ ನಿಧಾನವಾಗಿ ಎದ್ದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ನೀರಿನಲ್ಲಿ ಏನಿರುತ್ತದೆ, ಅದು ಹೃದಯಕ್ಕೆ ಏನು ಮಾಡುತ್ತದೆ ಎಂದು ಮಗುವಿಗೆ ಹೇಳುವಂತೆ ಹೇಳಿದರು. ಆಮೇಲೆ ನೋಟ್ ಪುಸ್ತಕ ತೆಗೆದು ಕೆಂಪು ಸಾಲನ್ನು ಹೊಡೆದುಹಾಕಿ, "ನಿಮ್ಮಪ್ಪನ್ನ ನಾಳೆ ಬರೋಕೆ ಹೇಳಮ್ಮ. ತಪ್ಪಾಯ್ತು ಅಂತ ನಾನೇ ಹೇಳಬೇಕು. ಕಾಲಿನ ಎಣ್ಣೆ ಮತ್ತೆ ಶುರು ಮಾಡಲಿ," ಎಂದರು. ಕಿಡ್ನಿಗಳ ವಿಷಯ ಬೇರೆ. ಅವು ಇನ್ನು ಚೇತರಿಸಿಕೊಳ್ಳುವಂತಿರಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದಾಯಿತು.

ಅಪ್ಪ ಮರುದಿನ ಇಸ್ತ್ರಿ ಅಂಗಿ ತೊಟ್ಟು ಆಸ್ಪತ್ರೆಗೆ ಹೋಗಿ ಬಂದರು. ಅತ್ತೆ ಮಾತ್ರ ಹಿಂದಿನ ದಿನ ಆಸ್ಪತ್ರೆಯಿಂದ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತವರು ಏಳಲಿಲ್ಲ. ಎರಡು ದಿನ ಒಂದು ಅಗುಳು ಮುಟ್ಟಲಿಲ್ಲ, ಒಂದು ಬೈಗುಳವನ್ನೂ ಆಡಲಿಲ್ಲ. ಬೈಗುಳವಿಲ್ಲದ ಆ ಮನೆ ಸೂತಕದ ಮನೆಯಂತಿತ್ತು. "ಸಂತೋಷ ಆಯ್ತಾ? ನಿಮ್ಮಪ್ಪನ ಹೆಸರು ಉಳೀತು, ನಮ್ಮಮ್ಮ ಉಳಿಯಲ್ಲ," ಎಂದು ಗಂಡ ಗೋಡೆಯ ಕಡೆಗೆ ಹೊರಳಿದ.

ಮೂರನೆಯ ದಿನ ಮಧ್ಯಾಹ್ನ ಸೊಸೆ ತಟ್ಟೆಯನ್ನು ಮುಂದಿಟ್ಟಾಗ ಅತ್ತೆ ತಲೆಯೆತ್ತಿದರು. ಎರಡು ದಿನದಲ್ಲಿ ಹತ್ತು ವರ್ಷ ಹೆಚ್ಚು ಮುದುಕಿಯಾಗಿದ್ದರು.

"ಒಂದು ಮಾತು ಹೇಳೇ. ನನ್ನ ಕೈಯಾರೆ... ನಾನೇ ಅವನ ಕಿಡ್ನಿ ತಿಂದೆನಾ?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಹನ್ನೊಂದು ವರ್ಷದ ಬೈಗುಳಗಳೆಲ್ಲ ಅವಳ ನಾಲಿಗೆಯ ತುದಿಗೆ ಬಂದು ನಿಂತವು. ಕಷಾಯದಪ್ಪ ಎಂದಿದ್ದು, ಬಚ್ಚಲಿಗೆ ಸುರಿದಿದ್ದು, ಎಲ್ಲ. ಆದರೆ ಎದುರಿಗಿದ್ದದ್ದು ತಟ್ಟೆ ಮುಟ್ಟಲಾರದೆ ಮಡಿಲಲ್ಲೇ ಬಿದ್ದಿದ್ದ ಎರಡು ಮುದಿ ಕೈಗಳು.

"ಇಲ್ಲ ಅತ್ತೆ. ಡಾಕ್ಟರಮ್ಮ ಆಮೇಲೆ ನನ್ನ ಹತ್ರ ಹೇಳಿದ್ರು. ನೀರು ಸ್ವಲ್ಪ ಅಷ್ಟೇ ಅಂತೆ. ಜಾಸ್ತಿ ಕೆಡಿಸಿದ್ದು ಕಷಾಯವೇ ಅಂತೆ."

ಅತ್ತೆ ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಒಂದು ತುತ್ತು ಕಲಸಿ ಬಾಯಿಗಿಟ್ಟರು. ಎರಡನೆಯದನ್ನೂ ಇಟ್ಟರು. ಮೂರನೆಯ ತುತ್ತಿಗೆ ಗಂಟಲಲ್ಲಿ ಹಳೆಯ ಕಸುವು ಬಂದಿತ್ತು.

"ನಾನು ಮೊದಲೇ ಬಡ್ಕೊಂಡೆ, ಯಾರು ಕೇಳಿದ್ರಿ? ಸಾಯಂಕಾಲ ಎಣ್ಣೆ ಹಿಡ್ಕೊಂಡು ಬರ್ತಾರಂತಲ್ಲ, ನಿಮ್ಮಪ್ಪನಿಗೆ ಹೇಳಿ ಕಳಿಸು. ಈ ಮನೆ ಕಡೆ ತಲೆ ಹಾಕಬಾರದು ಅಂತ."

"ಹೇಳ್ತೀನಿ ಅತ್ತೆ," ಎಂದು ಸೊಸೆ ಇನ್ನೊಂದು ಸೌಟು ಬಡಿಸಿದಳು.