ಇಂಚರಾ ಮೇಡಂ ಮೈದಾನಕ್ಕೆ ಬಂದದ್ದು

“ಮೇಡಂ, ನಮ್ಮ ಕ್ಯಾಪ್ಟನ್‌ನ ಸ್ವಲ್ಪ ಬಿಡ್ತೀರಾ?”

ಹತ್ತನೇ ಕ್ಲಾಸಿನ ಬಾಗಿಲಲ್ಲಿ ಪಿ.ಟಿ. ಮಾಸ್ತರು ಸುರೇಂದ್ರ ನಿಂತಿದ್ದ. ಕೊರಳಲ್ಲಿ ವಿಷಲ್, ಮಂಡಿಯವರೆಗೆ ಕೆಸರು. ಗಣಿತದ ಇಂಚರಾ ಸೀಮೆಸುಣ್ಣ ಹಿಡಿದ ಕೈ ಇಳಿಸಲಿಲ್ಲ.

“ನಿಮ್ಮ ಕ್ಯಾಪ್ಟನ್ ಟೆಸ್ಟಲ್ಲಿ ಫೇಲು, ಸರ್. ಸ್ಪೆಷಲ್ ಕ್ಲಾಸ್ ಮುಗಿಯೋವರೆಗೆ ಬಿಡಲ್ಲ.”

“ಮುಂದಿನ ತಿಂಗಳು ಜಿಲ್ಲಾ ಮಟ್ಟದ ಖೋ ಖೋ ಇದೆ.”

“ಮಾರ್ಚಲ್ಲಿ ಎಸ್ಸೆಸ್ಸೆಲ್ಸಿನೂ ಇದೆ.”

ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕ್ಯಾಪ್ಟನ್ ನಾಗಶ್ರೀ ಮಾತ್ರ ತಲೆ ತಗ್ಗಿಸಿದಳು. ಬಾಳೂರಿನ ಕಾಫಿ ಎಸ್ಟೇಟಿನ ಕೂಲಿ ಲೈನಿನ ಹುಡುಗಿ. ಓಡಿದರೆ ಯಾರ ಕೈಗೂ ಸಿಗದವಳು.

ಸುರೇಂದ್ರ ಹೋಗುವಾಗ ಒಮ್ಮೆ ತಿರುಗಿ ನೋಡಿದ. ಸಿಟ್ಟಿನ ನೋಟ ಅಂದುಕೊಂಡಳು ಇಂಚರಾ. ಆದರೆ ಬೋರ್ಡಿನತ್ತ ತಿರುಗಿದಾಗ ಲೆಕ್ಕ ಎಲ್ಲಿಗೆ ಬಂದಿತ್ತೆಂಬುದೇ ಮರೆತುಹೋಗಿತ್ತು.

ಆ ವಾರವೆಲ್ಲ ಎಳೆದಾಟ. ಅವನು ಹುಡುಗಿಯನ್ನು ಬೆಳಗ್ಗೆ ಬೇಗ ಕರೆಸಿಕೊಂಡ. ಇವಳು ಊಟದ ಬಿಡುವಿನಲ್ಲಿ ಲೆಕ್ಕ ಮಾಡಿಸಿದಳು. ಗುರುವಾರ ಸಂಜೆ ಪ್ರಾಕ್ಟೀಸಿನ ನಡುವೆ ನಾಗಶ್ರೀ ಕಂಬದ ಹತ್ತಿರ ಕುಸಿದುಬಿದ್ದಳು.

ಇಂಚರಾ ಸ್ಟಾಫ್ ರೂಮಿನಿಂದ ಬರಿಗಾಲಲ್ಲೇ ಓಡಿಬಂದಳು. ಸುರೇಂದ್ರ ಆಗಲೇ ಹುಡುಗಿಯ ತಲೆ ಎತ್ತಿ ನೀರು ಕುಡಿಸುತ್ತಿದ್ದ.

“ಏನಾಯ್ತೇ ನಾಗಶ್ರೀ?”

“ಬೆಳಿಗ್ಗೆ ತಿನ್ನೋಕೆ ಟೈಮ್ ಇರ್ಲಿಲ್ಲ ಮೇಡಂ. ಮಧ್ಯಾಹ್ನ ಲೆಕ್ಕ ಇತ್ತಲ್ಲ…” ಹುಡುಗಿಯ ಕಣ್ಣು ತುಂಬಿತು. “ನಂಗೆ ಆಟನೂ ಬೇಕು, ಓದೂ ಬೇಕು. ನೀವಿಬ್ರೂ ಮಾತಾಡ್ಕೊಳ್ಳಿ. ನಿಮ್ಮ ಮಧ್ಯೆ ಓಡಿ ಓಡಿ ಸಾಕಾಗಿದೆ.”

ಇಬ್ಬರೂ ಸೇರಿ ಅವಳಿಗೆ ತಿನ್ನಿಸಿ, ಬಾಳೂರಿನ ಬಸ್ಸು ಹತ್ತಿಸಿದರು.

ಆಮೇಲೆ ಬಸ್ ಸ್ಟಾಪಿನಲ್ಲಿ ಅವನೇ ಬಾಯಿಬಿಟ್ಟ. “ತಪ್ಪು ನಂದು ಮೇಡಂ.”

“ಅರ್ಧ ನಂದು. ಅರ್ಧ ಅಂದ್ರೆ ಎಷ್ಟು ಗೊತ್ತಲ್ಲ ಸರ್?”

“ಅಷ್ಟು ಗಣಿತ ಬರುತ್ತೆ ಮಾರಾಯ್ರೆ!”

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಆ ನಗುವನ್ನೇ ನೋಡುತ್ತ ನಿಂತು ತನ್ನ ಬಸ್ಸು ತಪ್ಪಿಸಿಕೊಂಡ.

ಬೆಳಗಿನ ಪ್ರಾಕ್ಟೀಸ್ ನಿಂತಿತು. ಸಂಜೆ ಮೊದಲು ಆಟ, ಆಮೇಲೆ ಮೈದಾನದ ಮೆಟ್ಟಿಲ ಮೇಲೇ ಇಡೀ ಟೀಮಿಗೆ ಗಣಿತ. ಸುರೇಂದ್ರ ಮಕ್ಕಳಿಗೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತಂದು ಹಂಚುತ್ತಿದ್ದ, ಪಾಠಕ್ಕೆ ತಾನೂ ಕೂರುತ್ತಿದ್ದ. ಸುಲಭದ ಲೆಕ್ಕವನ್ನೂ ತಪ್ಪು ಮಾಡಿ ಅವಳ ಕಡೆ ನೋಡುತ್ತಿದ್ದ. ಬೇಕಂತಲೇ ಮಾಡುತ್ತಾನೆಂದು ಗೊತ್ತಿದ್ದೂ ಅವಳು ಬಂದು ತಿದ್ದುತ್ತಿದ್ದಳು.

ಮುಂದಿನ ಟೆಸ್ಟಿನಲ್ಲಿ ನಾಗಶ್ರೀ ಪಾಸಾದಳು. ಆದರೆ ಚಿಕ್ಕಮಗಳೂರಿನ ಫೈನಲಿನಲ್ಲಿ ತಂಡ ಒಂದೇ ಪಾಯಿಂಟಿನಿಂದ ಸೋತಿತು.

ವಾಪಸು ಬರುವಾಗ ಮಕ್ಕಳು ಅತ್ತು ಅತ್ತು ನಿದ್ದೆಹೋದರು. ಸುರೇಂದ್ರ ಬಂದು ಇಂಚರಾಳ ಪಕ್ಕದ ಸೀಟಿನಲ್ಲಿ ಕುಳಿತ.

“ಈ ವರ್ಷದ ಆಟ ಮುಗೀತು ಮೇಡಂ. ಇನ್ನು ನೀವು ಮೈದಾನಕ್ಕೆ ಬರಬೇಕಾಗಿಲ್ಲ.”

ಅವನು ಕಿಟಕಿಯ ಆಚೆ ನೋಡುತ್ತಿದ್ದ. ಅವಳಿಗೆ ಎದೆ ಬರಿದಾದಂತಾಯಿತು. ಸಂಜೆಯಾದರೆ ಹೋಗುವುದೆಲ್ಲಿಗೆ?

“ದಿನಾ ಸ್ವಲ್ಪ ಹೊತ್ತಾದ್ರೂ ನಾಗಶ್ರೀ ಓಡ್ಲಿ ಸರ್. ಓಡಿದ ದಿನ ಅವಳ ಲೆಕ್ಕ ಸರಿಯಾಗಿರುತ್ತೆ, ನೋಡಿದ್ದೀನಿ. ಆಮೇಲೆ ನಾನು ಬಂದು ಪಾಠ ಮಾಡ್ತೀನಿ.”

“ಅವಳಿಗೋಸ್ಕರ ಬರ್ತೀರಾ?”

“ಅವಳಿಗೋಸ್ಕರ.” ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ನಿಮಗೋಸ್ಕರನೂ.”

ಅವನು ತಟ್ಟನೆ ತಿರುಗಿದ. “ಇದನ್ನ ನಾನು ಹೇಳ್ಬೇಕು ಅಂತ ಎಷ್ಟು ದಿನದಿಂದ ಒದ್ದಾಡ್ತಿದ್ದೆ, ಇಂಚರಾ.” ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರಿನ ಮುಂದೆ ಮೇಡಂ ಇರಲಿಲ್ಲ. “ನಿಮ್ಮನೇಗೆ ಬಂದು ಮಾತಾಡಲಾ?”

“ಅಪ್ಪ ಸುಲಭಕ್ಕೆ ಒಪ್ಪಲ್ಲ.”

“ಗೊತ್ತು.”

“ಆದ್ರೂ ಬನ್ನಿ. ನಾನು ಪಕ್ಕದಲ್ಲೇ ಇರ್ತೀನಿ.”

ಮೂಡಿಗೆರೆ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಮಕ್ಕಳನ್ನು ಎಬ್ಬಿಸಬೇಕಿತ್ತು. ಇಬ್ಬರೂ ಸ್ವಲ್ಪ ಹೊತ್ತು ಏಳಲಿಲ್ಲ.