ನಿಪ್ಪಾಣಿಯ ಹಳೇ ಪವರ್ ಹೌಸಿನಲ್ಲಿ

“ನಿಲ್ಲಸ್ರಿ! ಆ ಗ್ವಾಡಿ ಒಡಿಬ್ಯಾಡ್ರಿ!”

ಸರಿತಾಳ ಕೂಗಿಗೆ ಇಡೀ ಕಟ್ಟಡ ಮಾರ್ದನಿಸಿತು. ಆಕೆ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿ. ನಿಪ್ಪಾಣಿಗೆ ಮೊದಲ ಬಾರಿ ಕರೆಂಟ್ ಕೊಟ್ಟ ಈ ಪವರ್ ಹೌಸಿನ ಚರಿತ್ರೆ ಬರೆಯಲು ಬಂದಿದ್ದಳು.

ಸುತ್ತಿಗೆ ಹಿಡಿದವನು ತಿರುಗಿದ. ಕಟ್ಟಡ ಪರೀಕ್ಷಿಸಲು ಬಂದ ಎಂಜಿನಿಯರ್, ಮುಗಳಖೋಡದ ಅಮೋಘಸಿದ್ದ.

“ಒಡಿಯಾಕತ್ತಿಲ್ರಿ... ಮುಚ್ಚಿದ ಕಿಟಕಿ ತೆಗಿಯಾಕತ್ತೀನಿ. ಈಕಡೆ ಬಂದ್ ನೋಡ್ರಿ.”

ಕೊನೆಯ ಇಟ್ಟಿಗೆ ಬಿತ್ತು. ಬಿಸಿಲು ಒಳಗೆ ನುಗ್ಗಿತು.

ಅಬ್ಬಾ...!

ಎರಡಾಳೆತ್ತರದ ಕಬ್ಬಿಣದ ಚಕ್ರ! ಅದರ ಹಿಂದೆ, ಮಲಗಿದ ಆನೆಯಂಥ ಎಂಜಿನ್. ಸರಿತಾ ಉಸಿರಾಡುವುದನ್ನೇ ಮರೆತಳು.

“ಇದು ತಿರಗಿದ್ರ ನೆಲಾ ನಡಗತಿತ್ತಂತ್ರಿ,” ಅವನ ದನಿಯಲ್ಲೂ ಬೆರಗಿತ್ತು.

ಅಂದಿನಿಂದ ಇಬ್ಬರೂ ಸೇರಿ ಹಳೆಯ ಕಾಲ ಕಂಡವರನ್ನು ಹುಡುಕಿ ಹೊರಟರು. ತೊಂಬತ್ತು ದಾಟಿದ ಅಕ್ಕುತಾಯಿ ಬೊಚ್ಚುಬಾಯಲ್ಲಿ ನಕ್ಕಳು.

“ಮೊದಲ ದಿನ ನಮ್ಮವ್ವ ಬಲ್ಬಿಗೆ ಕೈ ಮುಗದಳು. ಆಮ್ಯಾಲ ಮಲಗು ಹೊತ್ತಿಗಿ ಉಫ್ ಅಂತ ಊದಿದ್ಳು... ಆರವಲ್ದು!”

ನಗುವಾಗ ಅಮೋಘನ ಕಣ್ಣು ತನ್ನ ಮೇಲಿರುವುದನ್ನು ಸರಿತಾ ಕಂಡಳು. ಎದೆ ಝಲ್ಲೆಂದಿತು.

ಆದರೆ ಒಂದು ವಾರದಲ್ಲೇ ಸಹೋದ್ಯೋಗಿ ಮಾಯಾ ಸುದ್ದಿ ತಂದಳು. “ಪವರ್ ಹೌಸ್ ಕೆಡವತಾರಂತ. ನಿಮ್ಮ ಎಂಜಿನಿಯರ್ರs ರಿಪೋರ್ಟಿಗೆ ಸಹಿ ಮಾಡ್ಯಾರ!”

ಜೊತೆಗಿದ್ದೇ ಮೋಸ ಮಾಡಿದನೇ...? ಸರಿತಾ ಅವನ ಫೋನ್ ಎತ್ತಲಿಲ್ಲ. ಹತ್ತು ದಿನ!

ಹನ್ನೊಂದನೆಯ ದಿನ ಊರವರ ಸಭೆ. ಜಗಳಕ್ಕೆಂದೇ ಹೋದ ಸರಿತಾ ಕೊನೆಯ ಸಾಲಿನಲ್ಲಿ ನಿಂತಳು. ಅಮೋಘ ಎದ್ದು ವರದಿ ಓದಿದ.

“ಹಿಂದ ಕಟ್ಟಿದ ತಗಡಿನ ಶೆಡ್ ಅಷ್ಟs ಕೆಡವ್ರಿ. ಎಂಜಿನ್ ಇರೋ ಹಾಲ್ ಗಟ್ಟಿ ಐತಿ, ಇನ್ನೂ ನೂರು ವರ್ಷ ನಿಲ್ಲತೈತಿ. ಅದನ್ನ ಮುಟ್ಟಬ್ಯಾಡ್ರಿ.”

ಸಭೆ ಒಪ್ಪಿ ಚಪ್ಪಾಳೆ ತಟ್ಟಿತು. ಸರಿತಾಳ ಕಣ್ಣು ತುಂಬಿತು. ಅರ್ಧ ಮಾತು ಕೇಳಿ ಇವನನ್ನು ದೂರ ಮಾಡಿದೆನಲ್ಲ...

ಹೊರಗೆ ಬಂದವನ ಎದುರು ತಲೆತಗ್ಗಿಸಿ ನಿಂತಳು. “ತಪ್ಪಾತ್ರಿ. ಒಂದ್ ಮಾತ್ ಕೇಳಬೇಕಿತ್ತು ನಾ.”

“ಹತ್ತು ದಿನ ನನಗ ಊಟ ಸೇರಿಲ್ರಿ, ಸರಿತಾ.”

“ನನಗೂ...” ಸರಿತಾ ತಲೆಯೆತ್ತಿದಳು. “ನೀವಂದ್ರ ನನಗ ಭಾಳ ಇಷ್ಟ ರಿ.”

ಅವನ ಮುಖ ಅರಳಿತು. “ಹಂಗಾದ್ರ ಆ ‘ರಿ’ ಬಿಡ್ತೀರೇನು?”

ಸರಿತಾ ಕಣ್ಣೊರೆಸಿಕೊಂಡು ನಕ್ಕಳು.

“ಬಿಟ್ಟೆ. ಐತವಾರ ನಮ್ಮೂರು ದಿಗ್ಗೇವಾಡಿಗೆ ಬಾ, ನಮ್ಮಪ್ಪನ ಕಡೆ ಹೆಣ್ಣ ಕೇಳು. ಅವರ ಮುಂದ ಮಾತ್ರ ‘ರಿ’ ಮರೀಬ್ಯಾಡ!”

“ಹೂಂ ರಿ!” ಎಂದ ಅಮೋಘ.