ಲಿಸ್ಟಿನಲ್ಲಿ ಇಬ್ಬರು ಮೌನಮ್ಮ

“ಸರ್, ನಾನೂ ಮಾಯ ಆಗೀನ್ರಿ!”

ಮೌನಮ್ಮನ ಕೂಗಿಗೆ ಕಂಪ್ಯೂಟರ್ ರೂಮೆಲ್ಲ ತಿರುಗಿ ನೋಡಿತು. ಚಂದ್ರಾಮಪ್ಪ ಸರ್ ಚಾಕ್ ಇಟ್ಟು ಓಡಿ ಬಂದರು.

“ಏನ್ ಮಾಡಿದೆವ್ವ?”

“ನೀವ ಹೇಳಿದ್ರಲ್ರಿ, ಹಾಜರಿ ಲಿಸ್ಟಿನಾಗಿಂದ ಕಾಲುವಿ ಮೌನಮ್ಮನ ಹೆಸರು ತೆಗಿ ಅಂತ. ಜಾವಾಸ್ಕ್ರಿಪ್ಟಿನಾಗ ಫಿಲ್ಟರ್ ಹಾಕಿ, ಮೌನಮ್ಮ ಬ್ಯಾಡ, ಉಳಿದೋರು ಇರ್ಲಿ ಅಂತ ಬರ್ದೆರಿ. ಇಬ್ರೂ ಹೋದಿವ್ರಿ!”

ಎಲ್ಲರೂ ಘೊಳ್ಳೆಂದು ನಕ್ಕರು. ಅವಳಿಗೆ ಮಾತ್ರ ನಗು ಬರಲಿಲ್ಲ.

ಗೋಗಿ ಊರಲ್ಲಿ ಮೌನಮ್ಮಂದಿರಿಗೇನು ಬರವೇ? ಏಳನೇ ತರಗತಿಯ ಒಂದೇ ಬೆಂಚಿನಲ್ಲಿ ಇಬ್ಬರಿದ್ದರು. ಅಪ್ಪ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದುದರಿಂದ ಒಬ್ಬಳು ಕಾಲುವಿ ಮೌನಮ್ಮ. ಇದೇ ಊರಲ್ಲಿ ಹುಟ್ಟಿದ ಇವಳು ಗೋಗಿ ಮೌನಮ್ಮ. ಹಾಜರಿಯಲ್ಲಿ ಇಬ್ಬರೂ ಬರೀ ಮೌನಮ್ಮ, ಒಬ್ಬಳ ಹಿಂದೆ ಒಬ್ಬಳು. ಸರ್ ಒಂದು ಸಲ ಕೂಗಿದರೆ ಇಬ್ಬರೂ ಬೇಕಂತಲೇ “ಯಸ್ ಸರ್” ಎಂದು ಬೈಸಿಕೊಳ್ಳುತ್ತಿದ್ದರು.

ಹೋದ ವಾರ ಕಾಲುವಿ ಮೌನಮ್ಮನ ಅಪ್ಪನಿಗೆ ಕಕ್ಕೇರಾಕ್ಕೆ ವರ್ಗವಾಯಿತು. ಗೆಳತಿ ಟಿ.ಸಿ. ತಗೊಂಡು ಹೋದಳು. ಅವತ್ತಿನಿಂದ ಮೌನಮ್ಮ ಬೆಂಚಿನ ಅರ್ಧದಲ್ಲೇ ಕೂರುತ್ತಾಳೆ. ಗೆಳತಿ ಬೇಕು ಅನ್ನಿಸುತ್ತದೆ, ದಿನಾ ಅನ್ನಿಸುತ್ತದೆ.

“ಫಿಲ್ಟರಿಗೇನು ಗೊತ್ತು, ಯಾವ ಮೌನಮ್ಮ ಅಂತ? ಅದು ಹೆಸರಷ್ಟ ನೋಡ್ತೈತಿ,” ಎಂದರು ಸರ್. “ಸ್ಪ್ಲೈಸ್ ಬರಿ. ಯಾವ ನಂಬರಿನಿಂದ, ಎಷ್ಟು ಹೆಸರು ತೆಗೀಬೇಕು ಅಂತ ಹೇಳು.”

ಸರ್ ಹಳೇ ಲಿಸ್ಟನ್ನು ಮತ್ತೆ ತೆರೆದುಕೊಟ್ಟರು. ಮೌನಮ್ಮ ಸ್ಕ್ರೀನಿನ ಮೇಲೆ ಬೆರಳಿಟ್ಟು ಒಂದು, ಎರಡು ಎಂದು ಎಣಿಸಿದಳು. ಗೆಳತಿ ಹನ್ನೊಂದು, ತಾನು ಹನ್ನೆರಡು. ಹನ್ನೊಂದರಿಂದ ಒಂದು ಹೆಸರು ಎಂದು ಬರೆದು ಬಟನ್ ಒತ್ತಿದಳು. ಒಬ್ಬಳೇ ಮೌನಮ್ಮ ಉಳಿದಳು.

“ಶಾಬಾಸ್!” ಎಂದು ಸರ್ ಪಕ್ಕದ ಕಂಪ್ಯೂಟರಿಗೆ ಹೋದರು.

ಆಗ ಅವಳಿಗೆ ನೆನಪಾಯಿತು. ಸರ್ ಸೋಮವಾರವೇ ಬೋರ್ಡಿನ ಮೇಲೆ ದಪ್ಪಗೆ ಬರೆದಿದ್ದರು: ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದೆ. ಅಂದರೆ ಮೊದಲನೇ ಹೆಸರಿನ ನಂಬರ್ ಸೊನ್ನೆ. ಗೆಳತಿಯದು ಹತ್ತು. ಹನ್ನೊಂದು ತನ್ನದೇ!

ತೆಗೆದದ್ದು ತನ್ನನ್ನು. ಲಿಸ್ಟಿನಲ್ಲಿ ಉಳಿದವಳು ಕಾಲುವಿ ಮೌನಮ್ಮ.

“ಸರ್…”

“ಏನವ್ವ?”

ಮೌನಮ್ಮ ಆ ಹೆಸರನ್ನು ಮತ್ತೊಮ್ಮೆ ನೋಡಿದಳು. “ಏನಿಲ್ರಿ.”

ಮರುದಿನ ಸರ್ ಹೊಸ ಲಿಸ್ಟಿನ ಪ್ರಿಂಟ್ ಹಿಡಿದು ಹಾಜರಿ ಕೂಗಿದರು.

“ಮೌನಮ್ಮ!”

ಅವಳು ಬೆಂಚಿನ ಖಾಲಿ ಅರ್ಧದ ಮೇಲೆ ಕೈಯಿಟ್ಟು ಎದ್ದು ನಿಂತಳು.

“ಯಸ್ ಸರ್!” ಎಂದಳು, ಇಬ್ಬರು ಕೂಗಿದಷ್ಟು ಜೋರಾಗಿ.